ಕಟ್ಟೆ ಒಡೆಯರದು, ಮಾತು ಊರವರದು

ಊರೆಂದ ಮೇಲೆ ಅರಳಿಕಟ್ಟೆಯೊಂದು ಇರಲೇಬೇಕು. ಮಳೆ-ಬೆಳೆಯಿಂದ ಹಿಡಿದು ರಾಜಕಾರಣದವರೆಗೆ ಅಲ್ಲಿ ಚರ್ಚೆಗೆ ಬಾರದ ವಿಷಯವಿಲ್ಲ. ಅಂತರ್ಜಾಲದಲ್ಲಿಯೂ ಅಂತಹ ಕಟ್ಟೆಗಳುಂಟು. ಆದರೆ ಅವು ಊರವರ ಸೊತ್ತಲ್ಲ, ಒಡೆಯರ ಸೊತ್ತು. ಒಡೆಯರಿಗೂ ಕುಳಿತವರಿಗೂ ವಿರಸ ಬಂದರೆ ಬೇರೊಂದು ಕಟ್ಟೆಯನ್ನು ಕಟ್ಟಿಕೊಳ್ಳಬಹುದಲ್ಲ ಎನ್ನುವವರುಂಟು. ಅದು ಎಷ್ಟು ಕಷ್ಟವೆಂಬುದನ್ನು ಅಮೆರಿಕದ ‘ರೆಡಿಟ್’ ತಾಣದ ವೃತ್ತಾಂತ ತಿಳಿಸುತ್ತದೆ.

ರೆಡಿಟ್ ಹುಟ್ಟಿದ್ದು ೨೦೦೫ರಲ್ಲಿ. ಸ್ಟೀವ್ ಹಫ್‌ಮನ್ ಮತ್ತು ಅಲೆಕ್ಸಿಸ್ ಒಹಾನಿಯನ್ ಎಂಬ ಇಬ್ಬರು ತರುಣರು ಅದರ ಸ್ಥಾಪಕರು. ಅಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ಬಳಗ. ಓದುಗರ ಮತ ಪಡೆದ ಬರೆಹ ಮೇಲೇರುತ್ತದೆ, ಉಳಿದದ್ದು ಕೆಳಗಿಳಿಯುತ್ತದೆ. ಬಳಗಗಳ ಮೇಲ್ವಿಚಾರಣೆ ಸಂಬಳವಿಲ್ಲದ ಸ್ವಯಂಸೇವಕರದು. ೨೦೧೦ರಲ್ಲಿ ‘ಡಿಗ್’ ಎಂಬ ಎದುರಾಳಿ ತಾಣ ತನ್ನ ರೂಪವನ್ನು ಬದಲಿಸಿ ಓದುಗರ ಮನಸ್ಸನ್ನು ಕೆಡಿಸಿತು. ಬೇಸತ್ತವರು ಗುಂಪುಗುಂಪಾಗಿ ರೆಡಿಟ್‌ಗೆ ಬಂದರು.

೨೦೨೩ರಲ್ಲಿ ಅದೇ ಅಸಮಾಧಾನ ರೆಡಿಟ್‌ನ ಬಾಗಿಲಿಗೇ ಬಂದಿತು. ಹೊರಗಿನವರು ರಚಿಸಿದ ಆ್ಯಪ್‌ಗಳು ತನ್ನ ಬರೆಹಗಳನ್ನು ಪಡೆಯುವುದಕ್ಕೆ ಸಂಸ್ಥೆ ದುಬಾರಿ ಶುಲ್ಕ ವಿಧಿಸಿತು. ‘ಅಪೊಲೊ’ ಎಂಬ ಜನಪ್ರಿಯ ಆ್ಯಪ್ ತೆರಬೇಕಾದ ಮೊತ್ತ ವರ್ಷಕ್ಕೆ ಸುಮಾರು ೨ ಕೋಟಿ ಡಾಲರು ಎಂದು ಅದರ ಕರ್ತೃವೇ ಲೆಕ್ಕ ಹಾಕಿದ. ಜೂನ್ ೧೨ರಂದು ಸಾವಿರಾರು ಬಳಗಗಳು ಬಾಗಿಲು ಮುಚ್ಚಿ ಪ್ರತಿಭಟಿಸಿದುವು. ಸಂಸ್ಥೆ ಜಗ್ಗಲಿಲ್ಲ. ತನಗೂ ಖರ್ಚುಂಟು, ಕೃತಕ ಬುದ್ಧಿಯ ಕಂಪೆನಿಗಳಿಗೆ ಈ ಬರೆಹಗಳನ್ನು ಬಿಟ್ಟಿಯಾಗಿ ಏಕೆ ಕೊಡಬೇಕು ಎಂಬುದು ಅದರ ವಾದ. ತಿಂಗಳ ಕೊನೆಗೆ ಅಪೊಲೊ ಮುಚ್ಚಿತು.

ಆಗ ಅನೇಕರ ಕಣ್ಣು ೨೦೧೯ರಲ್ಲಿ ಆರಂಭವಾಗಿದ್ದ ‘ಲೆಮ್ಮಿ’ಯ ಕಡೆಗೆ ಹೊರಳಿತು. ಇದಕ್ಕೆ ಒಬ್ಬ ಒಡೆಯನಿಲ್ಲ. ಮೈಸೂರಿನ ಅಂಚೆ ಕಚೇರಿಯಲ್ಲಿ ಹಾಕಿದ ಕಾಗದ ಧಾರವಾಡದ ಮನೆಗೆ ತಲಪುವಂತೆ, ಬೇರೆಬೇರೆಯವರು ನಡೆಸುವ ಸರ್ವರುಗಳು ಒಂದೇ ನಿಯಮಕ್ಕೆ ಒಳಪಟ್ಟು ಪರಸ್ಪರ ಬರೆಹಗಳನ್ನು ಸಾಗಿಸುತ್ತವೆ. ಒಂದರ ಯಜಮಾನಿಕೆ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಖರ್ಚು ಬಹುಮಟ್ಟಿಗೆ ದಾನಿಗಳಿಂದ ನಡೆಯುತ್ತದೆ.

ಆದರೆ ಒಡೆಯನಿಲ್ಲದ ಮನೆಗೂ ದೀಪ ಹಚ್ಚುವವರು ಬೇಕಷ್ಟೆ! ಪೋಲೆಂಡಿನ ಒಬ್ಬನೇ ತರುಣ ಹೊತ್ತಿದ್ದ ‘ಕೆಬಿನ್’ ತಾಣ, ಜನ ನುಗ್ಗಿದ ಮರುವರ್ಷವೇ, ೨೦೨೪ರಲ್ಲಿ ನಿಂತುಹೋಯಿತು. ‘ವೋಟ್’ ಎಂಬ ಇನ್ನೊಂದು ತಾಣದ ಗತಿ ಬೇರೆ. ಅಲ್ಲಿಗೆ ಮೊದಲು ಧಾವಿಸಿದವರಲ್ಲಿ ದ್ವೇಷದ ಮಾತಿಗಾಗಿ ಬೇರೆಡೆಯಿಂದ ಹೊರದೂಡಲ್ಪಟ್ಟವರು ಬಹಳ; ಅವರ ಗದ್ದಲದಲ್ಲಿ ಸಭ್ಯರು ಕಾಲಿಡಲು ಹಿಂಜರಿದರು. ಹಣವೂ ಸಾಲದೆ ೨೦೨೦ರ ಡಿಸೆಂಬರಿನಲ್ಲಿ ಅದೂ ಮುಚ್ಚಿತು.

ರೆಡಿಟ್ ಮಾತ್ರ ೨೦೨೪ರ ಮಾರ್ಚಿನಲ್ಲಿ ಷೇರು ಪೇಟೆಯನ್ನು ಪ್ರವೇಶಿಸಿತು. ಅದಕ್ಕೆ ಮುನ್ನವೇ ಗೂಗಲ್ ಸಂಸ್ಥೆಯೊಡನೆ ಬರೆಹಗಳ ಬಳಕೆಗೆ ಒಪ್ಪಂದ ಮಾಡಿಕೊಂಡಿತ್ತು. ಜನ ಬಿಡುವಿನಲ್ಲಿ ಬರೆದ ಸಲಹೆ, ಸಾಂತ್ವನ, ಜಗಳಗಳಿಗೆಲ್ಲ ಬೆಲೆ ಬಂದಿತು. ಬರೆದವರ ಕೈಗೆ ಬಂದುದು ಏನೂ ಇಲ್ಲ. ಬಿಟ್ಟು ಹೋದವರೂ ತಮ್ಮ ಹಳೆಯ ಸಂಭಾಷಣೆಗಳನ್ನು ಜೊತೆಗೆ ಒಯ್ಯಲಾಗಲಿಲ್ಲ. ಹೊಸ ಕಟ್ಟೆಗೆ ಕಲ್ಲು ಹೊರುವವರು ನಾಳೆಯೇ ಸಿಕ್ಕಾರು. ನೆರಳು ಕೊಡುವ ಅರಳಿ ಬೆಳೆಯುವುದಕ್ಕೆ ವರ್ಷಗಳೇ ಬೇಕು.