ಕೊಂಡುಕೊಂಡೇ ಕದಿಯುವ ಗಿರಾಕಿ

ಧಾರವಾಡದ ಲೈನ್ ಬಜಾರಿನಲ್ಲಿ ದಿನಾ ಕಾಲು ಕಿಲೋ ಪೇಡಾ ಕೊಳ್ಳುವ ಗಿರಾಕಿಯೊಬ್ಬನನ್ನು ಊಹಿಸಿಕೊಳ್ಳಿ. ಪೇಡಾ ಮಾಡುವ ಕೋಣೆಗೆ ಅವನು ಕಾಲಿಟ್ಟವನಲ್ಲ. ಮನೆಯಲ್ಲಿ ರುಚಿ ನೋಡುತ್ತ, ಖವಾ ಹುರಿಯುತ್ತ, ತಪ್ಪಿದ್ದನ್ನು ತಿದ್ದುತ್ತ ಒಂದು ದಿನ ಅದೇ ಪೇಡಾ ಮಾಡಿಬಿಡುತ್ತಾನೆ. ಇವನು ಕಳ್ಳನೋ, ಜಾಣನೋ? ಧಾರವಾಡ ಪೇಡಾದ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆಯಿದೆ. ಕೈಗುಣಕ್ಕೆ ಯಾವ ಕಾನೂನು?

ಕಂಪ್ಯೂಟರಿಗೆ ಕಲಿಸಿದ ಬುದ್ಧಿಯನ್ನೂ ಹೀಗೆಯೇ ಕದಿಯಬಹುದೆಂದು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ‘ಎನ್‌ಕೋಡರ್’ ಎಂಬುದು ಮೊದಲೇ ಪಾಠ ಕಲಿತು ಸಿದ್ಧವಾದ ಯಂತ್ರಬುದ್ಧಿ. ಚಿತ್ರವನ್ನೋ ವಾಕ್ಯವನ್ನೋ ಕೊಟ್ಟರೆ ಅದರ ಲಕ್ಷಣಗಳನ್ನು ನೂರಾರು ಅಂಕಿಗಳ ಸಾಲಾಗಿ ಹೇಳುತ್ತದೆ. ಆ ಅಂಕಿಗಳನ್ನು ಆಧರಿಸಿ ಹತ್ತಿ ಎಲೆಯ ರೋಗ ಗುರುತಿಸಬಹುದು, ಎಕ್ಸ್‌ರೇ ವಿಂಗಡಿಸಬಹುದು. ಕಲಿಸುವ ಖರ್ಚು ಮಾತ್ರ ಭಾರಿ. ಓಪನ್‌ಎಐ ಸಂಸ್ಥೆ 2021ರಲ್ಲಿ ಹೊರತಂದ ‘ಕ್ಲಿಪ್’ಗೆ 40 ಕೋಟಿ ಚಿತ್ರಗಳನ್ನು ವಿವರಣೆ ಸಮೇತ ತೋರಿಸಲಾಯಿತು, ಅದರ ಒಂದು ದೊಡ್ಡ ಮಾದರಿಗೆ 592 ಜಿಪಿಯು ಚಿಪ್‌ಗಳು 18 ದಿನ ದುಡಿದವು.

ಇಂಥ ಶ್ರಮದ ಫಲವನ್ನು ಕಂಪನಿಗಳು ಪ್ರಶ್ನೆಗಿಷ್ಟು ಎಂದು ಮಾರುತ್ತವೆ. ಕದಿಯುವವನು ಹಣ ಕೊಟ್ಟೇ ಸಾವಿರಾರು ಚಿತ್ರ ಕಳಿಸುತ್ತಾನೆ, ಬಂದ ಅಂಕಿಗಳನ್ನು ಕೂಡಿಟ್ಟುಕೊಳ್ಳುತ್ತಾನೆ, ಅಂಥದೇ ಉತ್ತರ ಬರುವವರೆಗೆ ತನ್ನ ಯಂತ್ರವನ್ನು ತಿದ್ದುತ್ತಾನೆ. ‘ಇದು ಬೆಕ್ಕು’ ಎಂಬ ಒಂದು ಮಾತಿಗಿಂತ ನೂರಾರು ಅಂಕಿಗಳ ಉತ್ತರದಲ್ಲಿ ಸೋರಿಹೋಗುವ ಗುಟ್ಟು ಹೆಚ್ಚು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ 2022ರಲ್ಲಿ, ಪರೀಕ್ಷೆಗೆಂದು, ಕ್ಲಿಪ್ ಮೇಲೂ ಕ್ಲಾರಿಫೈ ಕಂಪನಿ ಹಣಕ್ಕೆ ಒದಗಿಸುತ್ತಿದ್ದ ಎನ್‌ಕೋಡರ್ ಮೇಲೂ ಇದನ್ನು ಮಾಡಿ ತೋರಿಸಿತು.

ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು 2020ರಲ್ಲಿ ಪ್ರಕಟಿಸಿದ ವಿಧಾನದ ಹೆಸರೇ ‘ಆ್ಯಕ್ಟಿವ್ ಥೀಫ್’, ಚುರುಕು ಕಳ್ಳ! ಚಿತ್ರ, ಬರಹ ವಿಂಗಡಿಸುವ ಯಂತ್ರಗಳನ್ನು ಅವರು ನಕಲು ಮಾಡಿದ್ದು, ಎಲ್ಲರಿಗೂ ಸಿಗುವ ಸಂಗ್ರಹಗಳಿಂದ ಶೇಕಡ 10ರಿಂದ 30ರಷ್ಟನ್ನು ಮಾತ್ರ ಆರಿಸಿ ಕೇಳಿ. ಆಗಿನ ಅತ್ಯುತ್ತಮ ಕಾವಲಿಗೂ ಅದು ಸಿಕ್ಕಿಬೀಳಲಿಲ್ಲ. ಬೀಗದ ದೋಷ ತೋರಿಸಲು ಬೀಗ ತೆರೆದು ನೋಡುವ ಕೆಲಸವಿದು.

ಉಪಾಯವಿಲ್ಲವೆ? ಅಂಕಿಗಳನ್ನು ತುಸು ಕದಡಿ ಕೊಡಬಹುದು. ಆಗ ಪ್ರಾಮಾಣಿಕ ಗಿರಾಕಿಗೂ ಕಲಬೆರಕೆ ಮಾಲೇ ಸಿಗುತ್ತದೆ. ಪ್ರಶ್ನೆಗಳಿಗೆ ಮಿತಿ ಹಾಕಿದರೆ ಕಳ್ಳ ನಾಲ್ಕು ಹೆಸರಿನಲ್ಲಿ ಬರುತ್ತಾನೆ. ಗುಪ್ತ ಗುರುತು ಅಡಗಿಸಿಟ್ಟರೆ ಪತ್ತೆಗೆ ನೆರವಾದೀತು, ಕಳವು ನಿಲ್ಲದು. ದೊಡ್ಡ ಕಂಪನಿಗಳು ನಷ್ಟ ತಡೆದುಕೊಂಡಾವು. ಹುಬ್ಬಳ್ಳಿಯಲ್ಲೊಂದು ಕೋಣೆ ಬಾಡಿಗೆ ಹಿಡಿದು, ಕನ್ನಡ ಕಲಿಸಿದ ಯಂತ್ರವನ್ನೇ ಬಂಡವಾಳ ಮಾಡಿಕೊಂಡ ನಾಲ್ವರು ಹುಡುಗರ ಪಾಡೇನು?

ಧಾರವಾಡದ ಐಐಟಿ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯಗಳಂಥ ಕಡೆ ಪ್ರಾಜೆಕ್ಟ್‌ಗೆ ಕೂತ ಮಕ್ಕಳಿಗೆ ಕದಿಯದ ದಾರಿಯೂ ಇದೆ. ಕನ್ನಡವೂ ಸೇರಿ 12 ಭಾಷೆ ಬಲ್ಲ ‘ಇಂಡಿಕ್‌ಬರ್ಟ್’ ಎನ್‌ಕೋಡರನ್ನು ಮದ್ರಾಸ್ ಐಐಟಿಯ ‘ಎಐ ಫಾರ್ ಭಾರತ್’ ತಂಡ 2020ರಲ್ಲೇ ಪುಕ್ಕಟೆ ಬಿಟ್ಟುಕೊಟ್ಟಿತು. ಷರತ್ತು ಓದಿ, ಮಾಡಿದವರ ಹೆಸರು ಹೇಳಿ ಇಳಿಸಿಕೊಂಡರಾಯಿತು.