ಒಂದೇ ಗುಂಡಿನ ಖಡ್ಗ

ಗಾಯಗೊಂಡ ಕಾಡುಹಂದಿ ಎಲ್ಲ ಸಲವೂ ಓಡಿಹೋಗುವುದಿಲ್ಲ. ಕೆಲವೊಮ್ಮೆ ತಿರುಗಿ ನಿಂತು ಗುಂಡು ಹೊಡೆದವನ ಮೇಲೆಯೇ ನುಗ್ಗುತ್ತದೆ. ನಮ್ಮ ಮಲೆನಾಡಿನ ಹಳೆಯ ಶಿಕಾರಿಯವರಿಗೆ ಗೊತ್ತಿದ್ದ ಈ ಸಂಗತಿ 18ನೇ ಶತಮಾನದ ಜರ್ಮನಿ, ಫ್ರಾನ್ಸ್‌ಗಳ ದೊರೆಗಳಿಗೂ ಚೆನ್ನಾಗಿ ಗೊತ್ತಿತ್ತು. ಆ ಹೊತ್ತಿಗೆ ಕೈಯಲ್ಲಿರುವ ಬಂದೂಕು ಬರಿದು. ನಳಿಗೆಗೆ ಮದ್ದು ಸುರಿದು, ಗುಂಡು ಇಳಿಸಿ, ಗಜ ಹಾಕಿ ಜಡಿದು, ಮತ್ತೆ ಗುರಿ ಹಿಡಿಯಲು ಪಳಗಿದ ಸಿಪಾಯಿಗೇ ಸುಮಾರು 20 ಸೆಕೆಂಡು ಬೇಕಿತ್ತು. ಹಂದಿಗೆ ಅಷ್ಟು ತಾಳ್ಮೆ ಎಲ್ಲಿಯದು?

ಅದಕ್ಕೆಂದೇ ಯುರೋಪಿನ ಬೇಟೆಗಾರರು ಸೊಂಟಕ್ಕೆ ಗಿಡ್ಡ ಖಡ್ಗವೊಂದನ್ನು ಕಟ್ಟಿಕೊಳ್ಳುತ್ತಿದ್ದರು. ಅಲಗು ಸುಮಾರು ಅರ್ಧ ಮೀಟರ್ ಉದ್ದ. ಹಿಡಿ ಹೆಚ್ಚಾಗಿ ಜಿಂಕೆಯ ಕೊಂಬಿನದು. ಜರ್ಮನ್ನರು ಇದನ್ನು 'ಹಿರ್ಷ್‌ಫೆಂಗರ್' ಎನ್ನುತ್ತಿದ್ದರು. ಅಕ್ಷರಶಃ ಅರ್ಥ 'ಜಿಂಕೆ ಹಿಡಿಯುವಂಥದ್ದು'. ನಾಯಿಗಳು ಸುತ್ತುವರಿದು ನಿಲ್ಲಿಸಿದ ಮೃಗವನ್ನು ತಿವಿದು ಮುಗಿಸುವುದು ಇದರ ಕೆಲಸ. ತೊಂದರೆ ಒಂದೇ: ತಿವಿಯಬೇಕಾದರೆ ಕೈಯಳತೆಗೆ ಹೋಗಬೇಕು. ಹಂದಿಯ ಕೋರೆಯೂ ಅಲ್ಲಿಯೇ ಇರುತ್ತದೆ. ಖಡ್ಗದ ಪಕ್ಕದಲ್ಲಿ ಒಂದು ಪಿಸ್ತೂಲು ಇದ್ದಿದ್ದರೆ ಎಂಬ ಆಸೆ ಹುಟ್ಟಿದ್ದು ಈ ಎರಡು ಹೆಜ್ಜೆಯ ಅಂತರದಲ್ಲಿ.

ಆಸೆ ಹಳೆಯದೇ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಪಿಸ್ತೂಲು ಜೋಡಿಸಿದ ಬೇಟೆಯ ಕತ್ತಿಯೊಂದಿದೆ. ಮ್ಯೂನಿಕ್‌ನ ಕುಶಲಕರ್ಮಿ ಆಂಬ್ರೋಸಿಯಸ್ ಗೆಮ್ಲಿಶ್ ಅದರ ಅಲಗಿನ ಮೇಲೆ ಪಂಚಾಂಗವನ್ನೇ ಕೆತ್ತಿದ್ದಾನೆ. ಅದರಲ್ಲಿ 1528ನೇ ಇಸವಿ ಕಾಣುತ್ತದೆ. ಒಂದೇ ವಸ್ತುವಿನಲ್ಲಿ ಕತ್ತಿ, ಪಿಸ್ತೂಲು, ಕ್ಯಾಲೆಂಡರ್! ಆದರೆ ಆ ಕಾಲದ ಪಿಸ್ತೂಲು ಗಡಿಯಾರದಂತೆ ಕೀಲಿ ಕೊಟ್ಟು ಚಕ್ರ ತಿರುಗಿಸಿ ಕಿಡಿ ಹಾರಿಸುವಂಥದ್ದು. ದುಬಾರಿ, ಕೆಟ್ಟರೆ ದುರಸ್ತಿಯೂ ಕಷ್ಟ.

17ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಚಕಮಕಿ ಪಿಸ್ತೂಲು ಇದನ್ನು ಸರಳಗೊಳಿಸಿತು. ಅದರ 'ಕುದುರೆ'ಯ ಬಾಯಲ್ಲಿ ಒಂದು ಚೂರು ಚಕಮಕಿ ಕಲ್ಲು. ಟ್ರಿಗರ್ ಎಳೆದರೆ ಕುದುರೆ ಹಾರಿ, ಕಲ್ಲು ಉಕ್ಕಿನ ಮುಚ್ಚಳವನ್ನು ಉಜ್ಜುತ್ತದೆ. ಮುಚ್ಚಳ ತೆರೆದುಕೊಂಡು ಕಿಡಿಗಳು ಬಟ್ಟಲಿನಲ್ಲಿರುವ ರಂಜಕ, ಎಂದರೆ ಹೊತ್ತಿಸುವ ಮದ್ದಿನ ಮೇಲೆ ಬೀಳುತ್ತವೆ. ಆ ಬೆಂಕಿ ಸಣ್ಣ ಕಿಂಡಿಯ ಮೂಲಕ ನಳಿಗೆಯೊಳಗಿನ ಮದ್ದನ್ನು ಮುಟ್ಟುತ್ತದೆ. (ಚಕಮಕಿ ಎಂಬ ಮಾತು ತುರ್ಕಿ ಮೂಲದ್ದು, ಪರ್ಷಿಯನ್ ಮೂಲಕ ನಮ್ಮ ಕಡೆಗೆ ಬಂದದ್ದು. ಕಲ್ಲು ಬಳಕೆ ತಪ್ಪಿದ ಮೇಲೂ ಪತ್ರಿಕೆಗಳಲ್ಲಿ 'ಗುಂಡಿನ ಚಕಮಕಿ' ನಡೆಯುತ್ತಲೇ ಇದೆ.)

18ನೇ ಶತಮಾನದ ಬೇಟೆಯ ಖಡ್ಗಗಳಲ್ಲಿ ಈ ಯಂತ್ರವನ್ನು ಹಿಡಿಯ ಪಕ್ಕಕ್ಕೆ ಕೂರಿಸುತ್ತಿದ್ದರು. ಗೇಣುದ್ದಕ್ಕಿಂತ ಚಿಕ್ಕದಾದ ನಳಿಗೆ ಅಲಗಿನ ಬುಡಕ್ಕೆ ಒತ್ತಿಕೊಂಡಿರುತ್ತಿತ್ತು. ಟ್ರಿಗರ್ ಬೆರಳಿಗೆ ಸಿಗುವಂತೆ ಹಿಡಿಯ ಕೆಳಗೆ. ಕಣ್ಣಿಗೆ ಬಹಳ ಜಾಣ ಉಪಾಯ. ಕೈಯಲ್ಲಿ ಹಿಡಿದರೆ ಕಥೆ ಬೇರೆ. ಒಂದು ಪಕ್ಕಕ್ಕೆ ಮಾತ್ರ ಭಾರ ಬಿದ್ದ ಖಡ್ಗ ಮಣಿಕಟ್ಟನ್ನು ತಿರುಚುತ್ತದೆ. ತಿವಿಯಲು ಹಿಡಿದ ಕೈಯ ಓರೆಯೇ ಬೇರೆ, ಗುರಿಯಿಡಲು ಬೇಕಾದದ್ದೇ ಬೇರೆ. ಮದ್ದು ತುಂಬುವುದಂತೂ ಇನ್ನೂ ಫಜೀತಿ. ನಳಿಗೆಯ ಬಾಯಿ ಅಲಗಿಗೆ ಅಂಟಿಕೊಂಡಿರುವುದರಿಂದ ಗಜ ಜಡಿಯುವ ಬೆರಳುಗಳು ಹರಿತವಾದ ಉಕ್ಕಿನ ಪಕ್ಕದಲ್ಲೇ ಓಡಾಡಬೇಕು. ಮಳೆ ಬಂದರೆ ರಂಜಕ ಒದ್ದೆ. ಖಡ್ಗ ಝಳಪಿಸಿದರೆ ಅದು ಚೆಲ್ಲುವ ಭಯ. ಕಲ್ಲು ಸವೆದಿದ್ದರೆ ಕಿಡಿಯೇ ಇಲ್ಲ. ಎಲ್ಲ ಸರಿಯಿದ್ದರೂ ಸಿಗುವುದು ಒಂದೇ ಗುಂಡು.

ಹಾಗಿದ್ದೂ ಇವನ್ನು ಮಾಡಿಸಿದವರು ಯಾರು? ಬಡ ಬೇಟೆಗಾರನಂತೂ ಅಲ್ಲ. ಫ್ರಾನ್ಸಿನಲ್ಲಿ ಬೇಟೆ ಕುಲೀನರ ಹಕ್ಕು. ತನ್ನ ಹೊಲ ತಿನ್ನುವ ಜಿಂಕೆಯನ್ನು ರೈತ ಕೊಲ್ಲುವಂತಿರಲಿಲ್ಲ. 1789ರ ಆಗಸ್ಟ್‌ನಲ್ಲಿ ಕ್ರಾಂತಿಯ ಸಭೆ ರದ್ದುಮಾಡಿದ ಸವಲತ್ತುಗಳಲ್ಲಿ ಇದೂ ಒಂದು. ಈ ಖಡ್ಗಗಳು ಆ ಸವಲತ್ತಿನ ಒಡವೆಗಳು. ಅಲಗಿನ ಮೇಲೆ ಹಂದಿ, ನಾಯಿಗಳ ಚಿತ್ರ, ಹಿಡಿಗೆ ಬೆಳ್ಳಿ, ಗಿಲೀಟು. ಎಷ್ಟೋ ಖಡ್ಗಗಳಲ್ಲಿ ಆ ಸೊಬಗು ಮಾಸದೆ ಉಳಿದಿರುವುದನ್ನು ನೋಡಿದರೆ, ಹಂದಿಯ ಎದುರಿಗಿಂತ ಅತಿಥಿಗಳ ಎದುರಲ್ಲೇ ಇವು ಹೆಚ್ಚು ಬಾರಿ ಒರೆಯಿಂದ ಹೊರಬಂದಿರಬೇಕು.

ಹಳೆಯ ವಸ್ತುಗಳ ಸಂಗ್ರಾಹಕರು ಮೊದಲು ನೋಡುವುದೂ ಒರೆಯನ್ನೇ. ಹಳೆಯ ಖಡ್ಗಕ್ಕೆ ಹಳೆಯ ಪಿಸ್ತೂಲು ಬೆಸೆದು ಮಾರುವ ಚಾಳಿ ಇರುವುದರಿಂದ ಅನುಮಾನ ಸಹಜ. ನಳಿಗೆಗೆ ಜಾಗ ಬಿಟ್ಟು ಹೊಲಿದ ಅಗಲ ಬಾಯಿಯ ಮೂಲ ಒರೆ ಜೊತೆಗಿದ್ದರೆ ಆ ಅನುಮಾನ ಅರ್ಧ ಕಡಿಮೆಯಾದಂತೆ.

ಭಾರತದ ಕಮ್ಮಾರರೂ ಈ ಆಸೆಗೆ ಹೊರತಾಗಿರಲಿಲ್ಲ. ಅಲಗಿನ ಎರಡೂ ಬದಿಗೆ ಒಂದೊಂದು ಪಿಸ್ತೂಲು ಕೂರಿಸಿದ ಕಠಾರಿಗಳು ವಸ್ತು ಸಂಗ್ರಹಾಲಯಗಳಲ್ಲಿವೆ. ಭಾರ ಎರಡು ಕಡೆಗೂ ಸಮ. ಮುಷ್ಟಿ ನೆಟ್ಟಗೆ ಮುಂದಕ್ಕೆ ಚಾಚುವುದರಿಂದ ತಿವಿತವೂ ಗುರಿಯೂ ಒಂದೇ ದಿಕ್ಕಿಗೆ. ಯುರೋಪಿನ ಖಡ್ಗಕ್ಕಿಂತ ಇದೇ ಹೆಚ್ಚು ವಿವೇಕದ ಜೋಡಣೆ ಎನ್ನಬೇಕು.

ಕೊನೆಯ ದೊಡ್ಡ ಪ್ರಯತ್ನ ಅಮೆರಿಕದ್ದು. ಅಷ್ಟರಲ್ಲಿ ಚಕಮಕಿ ಕಲ್ಲಿನ ಜಾಗಕ್ಕೆ ಸಿಡಿಯುವ ಕೇಪು ಬಂದಿತ್ತು. 1837ರಲ್ಲಿ ಜಾರ್ಜ್ ಎಲ್ಜಿನ್ ಎಂಬಾತ ನಳಿಗೆಯ ಕೆಳಗೆ ಅಗಲವಾದ ಅಲಗು ಕೂರಿಸಿದ ಪಿಸ್ತೂಲಿಗೆ ಪೇಟೆಂಟ್ ಪಡೆದ. ಪೆಸಿಫಿಕ್ ಸಾಗರದ ಶೋಧಯಾತ್ರೆಗೆ ಹೊರಟಿದ್ದ ನೌಕಾಪಡೆ ಅಂಥ 150 ಆಯುಧಗಳನ್ನು ಕೊಂಡಿತು. 1840ರಲ್ಲಿ ಫಿಜಿಯ ಮಲೋಲೊ ದ್ವೀಪದ ಘರ್ಷಣೆಯಲ್ಲಿ ಅವು ಬಳಕೆಯಾದವು. ಎಲ್ಜಿನ್‌ಗಿಂತ ಒಂದು ವರ್ಷ ಮೊದಲೇ, 1836ರಲ್ಲಿ, ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದ. ಅದರಲ್ಲಿ ಒಂದರ ಹಿಂದೆ ಒಂದರಂತೆ ಐದು ಗುಂಡು ಹಾರಿಸಬಹುದಿತ್ತು. ನೌಕಾಪಡೆ ಅಲಗಿನ ಪಿಸ್ತೂಲನ್ನು ಮತ್ತೆ ಕೊಳ್ಳಲಿಲ್ಲ.