ಸಾಂಗ್ರೋ ದಿಬ್ಬದ ಮರಾಠಾ ಸಾಲು

ಪೆಸ್ಕಾರಾದಿಂದ ದಕ್ಷಿಣಕ್ಕೆ ಹೊರಟರೆ ಎಡಗಡೆ ಉದ್ದಕ್ಕೂ ಆಡ್ರಿಯಾಟಿಕ್ ಸಮುದ್ರ. ಕಟ್ಟಿಗೆಯ ಕಾಲುಗಳ ಮೇಲೆ ನೀರಿನೊಳಕ್ಕೆ ಚಾಚಿ ನಿಂತ ಮೀನುಗಾರರ ಅಟ್ಟಗಳು ಒಂದಾದ ಮೇಲೊಂದು ಬರುತ್ತವೆ. ಬಲಗಡೆ ದಿಬ್ಬಗಳು, ದಿಬ್ಬದ ಮೇಲೆ ದ್ರಾಕ್ಷಿ ಮತ್ತು ಆಲಿವ್ ತೋಟ. ಆಲಿವ್ ಕೊಯ್ಲಿನ ಹಂಗಾಮು. ಗಿಡದ ಬುಡದಲ್ಲಿ ಬಲೆ ಹಾಸಿ ಕೋಲಿನಿಂದ ಕಾಯಿ ಉದುರಿಸುತ್ತಿದ್ದರು. ಕಾರು ಓಡಿಸುತ್ತಿದ್ದ ಅಳಿಯ ಮಿಲಾನ್‌ನಲ್ಲಿ ನೌಕರಿಗಿದ್ದಾನೆ. ‘ಮಾಮಾ, ಇಟಲಿಗೆ ಬಂದಾವ್ರೆಲ್ಲಾ ರೋಮ್ ನೋಡಿ ಹೋಗ್ತಾರ. ನಿಮಗ ನಮ್ಮ ಬೆಳಗಾವಿ ಮಂದೀನ್ನ ತೋರಿಸ್ತೀನಿ ಬರ್ರಿ’ ಎಂದು ಹೊರಡಿಸಿದ್ದೇ ಅವನು.

ಬೆಳಗಾವಿ ಮಂದಿ ಎಂದರೆ ಮರಾಠಾ ಲೈಟ್ ಇನ್‌ಫಂಟ್ರಿಯ ಸಿಪಾಯಿಗಳು. 1922ರಿಂದ ಈ ಪಲ್ಟಣಿನ ಕೇಂದ್ರ ಇರುವುದು ಬೆಳಗಾವಿಯಲ್ಲಿ. ನಮ್ಮ ಅಲಖನೂರಿನಲ್ಲಿ ಯಾರೂ ಅಷ್ಟು ಉದ್ದದ ಹೆಸರು ಹೇಳುವುದಿಲ್ಲ, ‘ಮರಾಠಾ ಸೆಂಟರ್’ ಅಂದರೆ ಸಾಕು. ನಸುಕಿನಲ್ಲಿ ಕಬ್ಬಿನ ಗದ್ದೆಗಳ ನಡುವಿನ ರಸ್ತೆಯ ಮೇಲೆ ಓಡುವ ಹುಡುಗರನ್ನು ‘ಎಲ್ಲಿಗೋ?’ ಎಂದು ಕೇಳಿದರೆ ‘ಭರ್ತಿಗೆ’ ಎನ್ನುತ್ತಾರೆ. ಎಲ್ಲಿನ ಭರ್ತಿ ಎಂದು ಮತ್ತೆ ಕೇಳುವವರು ಹೊರಗಿನವರು.

ಸಾಂಗ್ರೋ ನದಿ ದಾಟಿದೆವು. ನಾವು ಹೋದಾಗ ಅಗಲವಾದ ಪಾತ್ರದಲ್ಲಿ ಕಲ್ಲೇ ಹೆಚ್ಚು, ನೀರು ಕಡಿಮೆ. ಎರಡನೇ ಮಹಾಯುದ್ಧದ ಹೊತ್ತು, 1943ರ ನವೆಂಬರಿನಲ್ಲಿ, ಇದು ಹೀಗಿರಲಿಲ್ಲ. ಮಳೆ ಹಿಡಿದು, ಹೊಳೆ ಏರಿ, ಸೈನ್ಯ ಕಟ್ಟಿದ ಸೇತುವೆಗಳೇ ಕೊಚ್ಚಿಹೋದವು. ಬ್ರಿಟಿಷ್ ಜನರಲ್ ಮಾಂಟ್‌ಗೊಮೆರಿಯ ಎಂಟನೇ ಸೇನೆಯ ದಾಳಿಯ ದಿನ ಮುಂದೆ ಮುಂದೆ ಹೋಯಿತು. ಮಳೆಗಾಲ ಬಂತೆಂದರೆ ಕುಡಚಿಯ ಸೇತುವೆ ಕೃಷ್ಣೆಯೊಳಗೆ ಮುಳುಗುವುದನ್ನು ನೋಡುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಳೆಯಾಚೆಯ ದಿಬ್ಬದ ಮೇಲೆ ಜರ್ಮನ್ನರು, ಈಚೆ ಕೆಸರಿನಲ್ಲಿ 8ನೇ ಭಾರತೀಯ ಡಿವಿಜನ್. ಅದೇ ಸೆಪ್ಟೆಂಬರಿನಲ್ಲಿ ತಾರಾಂತೋ ಬಂದರಿನಲ್ಲಿ ಇಳಿದ ಆ ಡಿವಿಜನ್ನಿನಲ್ಲಿ ಮರಾಠಾ ಪಲ್ಟಣಿನ ಒಂದನೇ ಬೆಟಾಲಿಯನ್ ಇತ್ತು.

ಆಗ ಸತ್ತವರ ಸ್ಮಶಾನ ಇರುವುದು ತೊರಿನೊ ದಿ ಸಾಂಗ್ರೋ ಎಂಬ ಊರಿನ ಸೀಮೆಯಲ್ಲಿ. ದಿಬ್ಬದ ಮಗ್ಗುಲು ಬೋಗುಣಿಯ ಹಾಗೆ ತಗ್ಗಿದೆ. ಆ ತಗ್ಗಿನ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಬಿಳಿ ಕಲ್ಲುಗಳು ಬಾಗಿ ಸಾಲುಗಟ್ಟಿವೆ. ಒಟ್ಟು 2,617 ಸಮಾಧಿ. ಜನರಲ್ ಇರಲಿ, ಅಡುಗೆಯವನಿರಲಿ, ಕಲ್ಲಿನ ಅಳತೆ ಒಂದೇ. 1917ರಲ್ಲಿ ಹುಟ್ಟಿದ ಯುದ್ಧಸಮಾಧಿ ಆಯೋಗ ಹಾಕಿಕೊಂಡ ನಿಯಮ ಅದು. ಬ್ರಿಟಿಷರ ಕಲ್ಲುಗಳ ಬುಡದಲ್ಲಿ ಮನೆಯವರು ಬರೆಸಿದ ಒಂದೊಂದು ಸಾಲೂ ಇದೆ: ತಾಯಿಯದು, ಹೆಂಡತಿಯದು. ವಯಸ್ಸು ಓದುತ್ತ ಹೋದೆ. ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತು. ಒಂದು ಸಾಲು ಮುಗಿಯುವಷ್ಟರಲ್ಲಿ ಓದುವುದನ್ನು ಬಿಟ್ಟೆ.

ಭಾರತದ ಮುಸಲ್ಮಾನ ಸಿಪಾಯಿಗಳಿಗೆ ಇಲ್ಲಿ ಗೋರಿಗಳಿವೆ, ಕಲ್ಲಿನ ಮೇಲೆ ಅರಬ್ಬಿ ಅಕ್ಷರ. ಹಿಂದೂಗಳನ್ನೂ ಸಿಖ್ಖರನ್ನೂ ಅವರವರ ಪದ್ಧತಿಯಂತೆ ಸುಟ್ಟರು. ಸುಟ್ಟ ಮೇಲೆ ಕಲ್ಲು ನಿಲ್ಲಿಸಲು ಜಾಗವೆಲ್ಲಿ? ಅದಕ್ಕೇ ಸ್ಮಶಾನದ ಒಳಗೇ ಬೇರೆಯೊಂದು ಸ್ಮಾರಕ ಕಟ್ಟಿ ಐದುನೂರಕ್ಕೂ ಹೆಚ್ಚು ಹೆಸರು ಕೆತ್ತಿದ್ದಾರೆ. ಇಟಲಿಯಲ್ಲಿ ಇಂಥವು ಮೂರು: ಇದೊಂದು, ಫೋರ್ಲಿಯಲ್ಲೊಂದು, ರಿಮಿನಿಯಲ್ಲೊಂದು.

ನಮ್ಮ ಕಡೆ ಎರಡೂ ರೂಢಿ ಉಂಟು. ಲಿಂಗಾಯತರು ಮಣ್ಣು ಕೊಡುತ್ತಾರೆ. ಎಷ್ಟೋ ಮನೆತನಗಳ ಹಿರಿಯರು ಅವರವರ ಹೊಲದಲ್ಲೇ ಮಲಗಿದ್ದಾರೆ, ನೇಗಿಲು ಹೊಡೆಯುವವನು ಆ ಕಟ್ಟೆ ಸುತ್ತಿ ಹೋಗುತ್ತಾನೆ. ಮರಾಠರು, ಜೈನರು ಸುಡುತ್ತಾರೆ. ಅವರಿಗೆ ಹೊಲದಲ್ಲಿ ಕಟ್ಟೆಯಿಲ್ಲ, ಮನೆಯ ಗೋಡೆಯ ಮೇಲೊಂದು ಫೋಟೊ. ಹಾಗಾಗಿ ಈ ಹೆಸರುಗಳ ಮುಂದೆ ನಿಂತಾಗ ಗೋರಿಗಳ ಮುಂದೆ ಬಾರದ ಒಂದು ಕಸಿವಿಸಿ ಬಂತು. ಸಮಾಧಿಯ ಎದುರು ಕೈಮುಗಿಯಬಹುದು. ಪಟ್ಟಿಯ ಎದುರು ಏನು ಮಾಡಬೇಕು? ಓದಬೇಕು, ಅಷ್ಟೆ.

ಹೆಸರು ಪಲ್ಟಣಿನ ಪ್ರಕಾರ ಬರುತ್ತವೆ. ಪಂಜಾಬ್, ಫ್ರಂಟಿಯರ್ ಫೋರ್ಸ್ ದಾಟಿ ನಮ್ಮ ಪಲ್ಟಣು, ಆಗಿನ ಹೆಸರಿನಲ್ಲಿ ಐದನೇ ಮರಾಠಾ, ಸಿಕ್ಕಿತು. ಬಿಸಿಲು ಓರೆಯಾಗಿ ಬೀಳುತ್ತಿದ್ದರಿಂದ ಅಕ್ಷರಗಳ ತಗ್ಗಿನಲ್ಲಿ ನೆರಳು ತುಂಬಿ ಓದಲು ಸಲೀಸಾಗಿತ್ತು. ಇಲ್ಲದಿದ್ದರೆ ಬಿಳಿ ಕಲ್ಲಿನ ಮೇಲೆ ಬಿಳಿ ಅಕ್ಷರ, ಬೆರಳಿಟ್ಟು ಸವರಬೇಕು. ಜಾಧವ, ಶಿಂದೆ, ಪವಾರ. ಅಳಿಯ ಗಟ್ಟಿಯಾಗಿ ಓದತೊಡಗಿದ. ‘ಇವ್ರೆಲ್ಲಾ ನಮ್ಮ ಸಾಲ್ಯಾಗ ಇದ್ದಂಗ ಅದಾರಲ್ರೀ ಮಾಮಾ’ ಎಂದ. ಇಂಗ್ಲಿಷ್ ಕೆತ್ತನೆಯಲ್ಲಿ ಪರದೇಶಿಗಳಂತೆ ಕಾಣುತ್ತಿದ್ದವರು ಅವನ ಬಾಯಲ್ಲಿ ಊರಿನವರಾದರು.

ಪಟ್ಟಿ ಎಂದು ಹಗುರ ಮಾಡುವಂತಿಲ್ಲ. ಇವರ ಅಪ್ಪಂದಿರ ಕಾಲದ ಸಿಪಾಯಿಗಳಿಗೆ ಅದೂ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಮೂರು ಮರಾಠಾ ಪಲ್ಟಣುಗಳು, 103, 110 ಮತ್ತು 117, ಇರಾಕಿನ ಕುತ್ ಎಂಬಲ್ಲಿ ಸಿಕ್ಕಿಬಿದ್ದವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ ತನಕ ಮುತ್ತಿಗೆ. ಕುದುರೆ ಕೊಯ್ದು ತಿಂದರು, ಕೊನೆಗೆ ತುರ್ಕರಿಗೆ ಶರಣಾದರು, ಸೆರೆಯಲ್ಲಿ ಸತ್ತವರಿಗೆ ಲೆಕ್ಕವಿಲ್ಲ. ಆ ರಣರಂಗದ ಸ್ಮಾರಕ ಬಸ್ರಾದಲ್ಲಿ 1929ರಲ್ಲಿ ತೆರೆಯಿತು. ಬ್ರಿಟಿಷ್ ಸೈನಿಕರ ಹೆಸರು ಒಂದೊಂದಾಗಿ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳಿಗೆ ಮಾತ್ರ ಹೆಸರು, ಸಾದಾ ಸಿಪಾಯಿಗಳಿಗೆ ಪಲ್ಟಣಿಗಿಷ್ಟು ಎಂಬ ಸಂಖ್ಯೆ. ಎಲ್ಲರೂ ಸಮ ಎಂದ ಆಯೋಗವೇ ಹೀಗೆ ಮಾಡಿತ್ತು. 2021ರಲ್ಲಿ ತಾನೇ ವರದಿ ಹೊರಡಿಸಿ ಕ್ಷಮೆ ಕೇಳಿತು. 1997ರಲ್ಲಿ ಸದ್ದಾಂ ಹುಸೇನ್ ಆ ಸ್ಮಾರಕವನ್ನೇ ಕೀಳಿಸಿ ನಾಸಿರಿಯಾ ದಾರಿಯ ಮರುಭೂಮಿಗೆ ಸಾಗಿಸಿದ. ಇದನ್ನೆಲ್ಲ ಮನಸ್ಸಿನಲ್ಲಿಟ್ಟು ನೋಡಿದರೆ ಸಾಂಗ್ರೋದ ಈ ಸಾಲು ಸಣ್ಣದಲ್ಲ.

ಇಂಥ ಸ್ಮಶಾನಗಳ ನೋಂದಣಿ ಪುಸ್ತಕದಲ್ಲಿ ಎಷ್ಟೋ ಹೆಸರಿನ ಮುಂದೆ ತಂದೆ, ಊರು, ಜಿಲ್ಲೆ ಬರೆದಿರುತ್ತದೆ. ನಮ್ಮ ಸೀಮೆಯವರು ಹುಡುಕುವಾಗ ಒಂದು ಮಾತು ನೆನಪಿಡಬೇಕು. ಆಗ ನಮ್ಮ ತಾಲೂಕು ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ನಾವು ಬೆಳಗಾವಿಯವರಾದದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದದ್ದು. ಗಡಿ ವಿಷಯಕ್ಕೆ ಇಂದೂ ತೋಳೇರಿಸುವವರು ಒಮ್ಮೆ ಆ ಪುಟ ತಿರುವಬೇಕು. ಸಾತಾರಾ, ಬೆಳಗಾವಿ, ರತ್ನಾಗಿರಿ, ಕೊಲ್ಲಾಪುರ ಎಲ್ಲ ಅಲ್ಲಿ ಒಂದೇ ಅಂಕಣದಲ್ಲಿ ಸಿಗುತ್ತವೆ.

ಸಾಂಗ್ರೋ ದಾಟಿದ ಮೇಲೂ ಯುದ್ಧ ಒಂದೂವರೆ ವರ್ಷ ನಡೆಯಿತು. ಮರುವರ್ಷ ಜುಲೈ 10ರಂದು ಉತ್ತರದ ತೀಬರ್ ಕಣಿವೆಯಲ್ಲಿ ಮೂರನೇ ಬೆಟಾಲಿಯನ್ನಿನ ನಾಯಕ್ ಯಶವಂತ ಘಾಡಗೆ ಒಬ್ಬನೇ ಮೆಷಿನ್‌ಗನ್ ಠಾಣೆಗೆ ನುಗ್ಗಿ ಸತ್ತ, ವಿಕ್ಟೋರಿಯಾ ಕ್ರಾಸ್ ಪಡೆದ. ಅವನಿಗೂ ಸಮಾಧಿಯಿಲ್ಲ, ಕಸ್ಸೀನೊ ಸ್ಮಾರಕದಲ್ಲಿ ಹೆಸರಿದೆ. 2023ರಲ್ಲಿ ಆ ಕಣಿವೆಯ ಮೊಂತೋನೆ ಊರಿನವರು ಅವನ ಹೆಸರಿನಲ್ಲಿ ಒಂದು ಬಿಸಿಲು ಗಡಿಯಾರ ನಿಲ್ಲಿಸಿದರು. ಹೋಗೋಣವೇ ಎಂದೆ. ಅಳಿಯ ಮೊಬೈಲಿನಲ್ಲಿ ದಾರಿ ನೋಡಿ ತಲೆ ಆಡಿಸಿದ, ಈ ಸಲ ಆಗದು.

ಹೊರಡುವ ಮುನ್ನ ಸಂದರ್ಶಕರ ಪುಸ್ತಕ ತೆಗೆದ. ‘ಊರು ಅಲಖನೂರ ಹಾಕೀನಿ. ಅಭಿಪ್ರಾಯದಾಗ ಏನ ಬರೀಲ್ರೀ?’ ಮೇಲಿನ ಸಾಲುಗಳಲ್ಲಿ ಇಂಗ್ಲಿಷ್, ಇಟಾಲಿಯನ್, ಎಲ್ಲ ದೊಡ್ಡ ದೊಡ್ಡ ಮಾತು. ಅತ್ತ ತೋಟಗಾರನೊಬ್ಬ ಮಂಡಿಯೂರಿ ಕಲ್ಲಿನ ಬುಡಕ್ಕೆ ತಾಗಿದ ಹುಲ್ಲನ್ನು ಕತ್ತರಿಯಿಂದ ಕತ್ತರಿಸುತ್ತಿದ್ದ.

‘ತ್ವಾಟಾ ಛಲೋ ಇಟ್ಟೀರಿ ಅಂತ ಬರಿ’ ಎಂದೆ.

ಅದನ್ನೇ ಕನ್ನಡದಲ್ಲಿ ಬರೆದ. ಆಮೇಲೆ ತೋಟಗಾರನ ಹತ್ತಿರ ಹೋಗಿ ಇಟಾಲಿಯನ್‌ನಲ್ಲೂ ಹೇಳಿದ.